ಮುಖವಿಲ್ಲದ ಬೀದಿಗಳು

ಭಾನುವಾರ, ಊಟ ಮುಗಿಸಿ ಕೂತ ಹೊತ್ತು

ಪ್ರೀತಿಯ ತಮ್ಮನಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಹೇಗಿದ್ದೀ? ಬೆನ್ನುನೋವು ಇಳಿಯಿತಾ? ನಿನ್ನ ಹೆಂಡತಿಯ ಕಣ್ಣಿನ ಪೊರೆ ತೆಗೆಸಿದಿರಾ, ಇಲ್ಲ ಅದಿನ್ನೂ ‘ಮುಂದಿನ ವಾರ’ದಲ್ಲೇ ಇದೆಯಾ? ಮಹಡಿ ಮನೆಯ ತಾತ ಈಗಲೂ ನಿನ್ನ ಸ್ಟುಡಿಯೋ ಮೆಟ್ಟಿಲ ಮೇಲೆ ಕೂತು ಪುಕ್ಕಟೆ ಪೇಪರ್ ಓದುತ್ತಾರಾ? ಚುಕ್ಕಿ ಹೇಗಿದ್ದಾಳೆ? ಉತ್ತರ ಬರೆಯುವಾಗ ನೀನು ಆ ಒಂದು ಪ್ರಶ್ನೆಯನ್ನು ಹಾರಿಸಿಬಿಡುತ್ತೀ ಎಂದು ಗೊತ್ತು. ಆದರೂ ಸೋದರತ್ತೆಯಾಗಿ ಕೇಳದೆ ಇರಲಾರೆ.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೊಣಕಾಲಿನ ಮೇಲೆ ತಪ್ಪು ಹೊರಿಸಬಹುದಿತ್ತು, ಪಾಪ, ಅದೂ ಎಷ್ಟೆಂದು ಹೊತ್ತೀತು. ನಿಜವೆಂದರೆ, ನೀನು ಕಳಿಸಿದ ಕಟ್ಟಿನಲ್ಲಿದ್ದ ಕೊನೆಯ ಫೋಟೋ ನನ್ನ ಕೈ ಕಟ್ಟಿಹಾಕಿತ್ತು. ಅದರ ಮಾತು ಆಮೇಲೆ.

ಮೊದಲು ಒಳ್ಳೆಯ ಸುದ್ದಿ. ಕ್ಷೌರದಂಗಡಿಯ ಹೊರಗಿನ ಕುರ್ಚಿಯ ಫೋಟೋ ಇತ್ತಲ್ಲ, ಒಂದು ಕಾಲಿಗೆ ಹಗ್ಗ ಸುತ್ತಿದ್ದು, ಅದು ಕಥೆಯಾಗಿ ವಾರಪತ್ರಿಕೆಯಲ್ಲಿ ಬಂತು. ನೀನು ಕುರ್ಚಿ ನೋಡಿ ತೆಗೆದಿದ್ದೀ. ನನ್ನ ಕಣ್ಣು ಹೋಗಿದ್ದು ಅದರ ಕೈಮೇಲಿನ ಒದ್ದೆ ಟವೆಲಿನ ಮೇಲೆ. ಒದ್ದೆ ಇದೆ ಎಂದರೆ ಯಾರೋ ಈಗಷ್ಟೇ ಎದ್ದು ಹೋಗಿದ್ದಾರೆ. ಅರ್ಧ ಗಡ್ಡಕ್ಕೆ ಎದ್ದು ಓಡುವಂಥದ್ದು ಏನಾಯಿತು? ಆ ಪ್ರಶ್ನೆಯನ್ನು ಸೆರಗಿಗೆ ಕಟ್ಟಿಕೊಂಡು ಅಡಿಗೆ ಮಾಡಿದೆ, ಬಟ್ಟೆ ಒಗೆದೆ. ಸಂಜೆಯ ಹೊತ್ತಿಗೆ ಆ ಮನುಷ್ಯ ಸಿಕ್ಕಿದ. ಕನ್ನಡಿಯಲ್ಲಿ ಹಳೆಯ ಗೆಳೆಯ ರಸ್ತೆ ದಾಟುವುದನ್ನು ಕಂಡು, ಅರ್ಧ ಮುಖದ ಸೋಪಿನ ನೊರೆಯೊಂದಿಗೇ ಅವನ ಹಿಂದೆ ಓಡಿದ್ದ. ಬೀದಿ ಬೀದಿ ಓಡುತ್ತಾನೆ, ನೊರೆ ಒಣಗುತ್ತದೆ, ಗೆಳೆಯ ಸಿಗುವುದಿಲ್ಲ.

ನಿನ್ನ ಭಾವ ಓದಿದರು. ಕನ್ನಡಕ ತೆಗೆದು, ಪಾಪ ಅವನ ಇನ್ನರ್ಧ ಗಡ್ಡ ಯಾವಾಗ ಬೋಳಿಸ್ತೀಯ ಎಂದು ಕೇಳಿದರು. ಆಮೇಲೆ ಕಾಫಿ ಕುಡಿಯುತ್ತಾ ಇನ್ನೊಂದು ಮಾತು ಎಸೆದರು: “ಅಲ್ಲ ಕಣೇ, ನಿನ್ನ ಕಥೇಲಿ ಎಲ್ರೂ ಯಾರನ್ನೋ ಹುಡುಕ್ಕೊಂಡು ಹೋಗ್ತಾರೆ, ಒಬ್ರೂ ತಲುಪಲ್ಲ. ಬಸ್ ಸಿಗಲ್ವಾ ಅವರಿಗೆ?”

ನಗುತ್ತಲೇ ಹೇಳಿದ್ದು. ಆದರೆ ಮಾತು ಒಳಗೆ ಹೋಗಿ ಕೂತಿತು.

ನಿನಗೆ ಗೊತ್ತಲ್ಲ, ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನಿನ ಕಿಟಕಿಯಲ್ಲಿ ಕೂತು ಹೊಟ್ಟೆ ಹೊರೆದವಳು ನಾನು. ಕಥೆ ಬರೆಯುವುದನ್ನು ಯಾರೂ ಕಲಿಸಲಿಲ್ಲ, ಕೊಡೆಗಳು ಕಲಿಸಿದವು. ಒಂದೇ ಚಪ್ಪಲಿ ಬಸ್ಸಿನಲ್ಲಿ ಬಿಟ್ಟವರು ಮನೆಗೆ ಹೇಗೆ ನಡೆದರು ಎಂದು ಯೋಚಿಸುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲ. ಕಿಟಕಿ ಬಿಟ್ಟು ಮನೆ ಸೇರಿದ ಮೇಲೆ, ಮೊಣಕಾಲೂ ಕೈಕೊಟ್ಟ ಮೇಲೆ, ನನ್ನ ಕಥೆಗಳು ಬತ್ತಿಹೋಗಿದ್ದವು. ಆಗ ನಿನ್ನ ಫೋಟೋಗಳು ಬರತೊಡಗಿದವು. ಬಾಗಿಲು ಹಾಕಿದ ಅಂಗಡಿ, ಬಾಲ್ಕನಿಯ ಒಂಟಿ ಅಂಗಿ, ಮಳೆನೀರು ನಿಂತ ಬಸ್ ಸ್ಟಾಪು. ಎಲ್ಲ ಖಾಲಿ. ನೀನು ಜನರನ್ನು ಬಿಟ್ಟು ಬೀದಿ ಕಳಿಸುತ್ತೀ, ನಾನು ಆ ಬೀದಿಗೆ ಜನರನ್ನು ಕರೆತರುತ್ತೇನೆ. ಒಳ್ಳೆಯ ಪಾಲುದಾರಿಕೆ ಎಂದುಕೊಂಡಿದ್ದೆ.

ಮೊನ್ನೆ ಭಾವನ ಮಾತು ಕೊರೆಯುತ್ತಿತ್ತು ಎಂದು ಎಲ್ಲವನ್ನೂ ಮಂಚದ ಮೇಲೆ ಹರಡಿ ನೋಡಿದೆ. ತಮ್ಮಾ, ಪ್ರತಿಯೊಂದರಲ್ಲೂ ನಿಮ್ಮೂರಿನ ಬ್ರೆಡ್ ಕಾರ್ಖಾನೆಯ ಚಿಮಣಿ ಇದೆ. ಒಂದರಲ್ಲಿ ಎಡಕ್ಕೆ, ಒಂದರಲ್ಲಿ ಬಲಕ್ಕೆ, ಒಂದರಲ್ಲಿ ಮಾಡುಗಳ ಹಿಂದೆ ಬೆರಳಿನಷ್ಟು. ಅದರ ಕೆಳಗಿನ ಗಲ್ಲಿ ಮಾತ್ರ ಒಂದರಲ್ಲೂ ಇಲ್ಲ. ಸುತ್ತಲಿನ ಮೂಲೆಮೂಲೆಗೂ ಹೋಗಿದ್ದೀ, ತಿರುವಿನಲ್ಲಿ ನಿಂತು ಹಿಂದಿರುಗಿದ್ದೀ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. ನನ್ನ ಕಥೆಯವರು ಯಾಕೆ ತಲುಪುವುದಿಲ್ಲ ಎಂದು ಈಗ ಗೊತ್ತಾಯಿತು. ದಾರಿ ಕೊಡುವವನೇ ಅಲ್ಲಿ ನಿಂತುಬಿಡುತ್ತಾನೆ.

ಚುಕ್ಕಿ ಆ ಗಲ್ಲಿಯಲ್ಲೇ ರೂಮು ಮಾಡಿಕೊಂಡಿದ್ದಾಳೆ ಎಂದು ಅವಳಮ್ಮ ಹೇಳಿದ್ದು ನಿನಗೂ ಗೊತ್ತು, ನನಗೂ ಗೊತ್ತು. ಸ್ಟುಡಿಯೋ ನೋಡಿಕೊಳ್ಳೋದು ನನ್ನಿಂದಾಗಲ್ಲಪ್ಪ, ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ ಎಂದು ಅವಳು ಹೇಳಿದ್ದಷ್ಟೇ. ನೀನು ಗಿರಾಕಿಗಳ ಎದುರಿಗೇ ಶೋಕೇಸಿನಿಂದ ಅವಳ ಚಿಕ್ಕಂದಿನ ಫೋಟೋ ಕಿತ್ತು, “ನನಗೆ ಮಗಳಿದ್ಲು ಅನ್ನೋದನ್ನೇ ಮರೆತುಬಿಡ್ತೀನಿ” ಎಂದೆಯಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ನನಗೂ ಬರೆಯುವುದಿಲ್ಲ. ಅಪ್ಪನ ಅಕ್ಕ ಅಪ್ಪನ ಕಡೆಯೇ ಇರುತ್ತಾಳೆ ಎಂದುಕೊಂಡಿರಬೇಕು. ನಾನು ಬರೆದಿದ್ದು ತಿರುಗಿ ಬಂತು.

ಅವಳು ರಜೆಗೆ ಬಂದಾಗ ನನ್ನ ತೊಡೆಯ ಮೇಲೆ ಕಾಲು ಚಾಚಿ, “ಅತ್ತೆ, ಒಂದು ಸುಳ್ಳು ಹೇಳು” ಎನ್ನುತ್ತಿದ್ದಳು. ಕಥೆಗೆ ಅವಳಿಟ್ಟ ಹೆಸರು ಅದು. ಈಗ ಸುಳ್ಳು ಬೇಕಾದಷ್ಟಿವೆ, ಕೇಳುವ ಕಿವಿ ಇಲ್ಲ.

ಒಂದು ಮಾತು ಕೇಳಲೇ? ಇಡೀ ಜೀವಮಾನ ಮುಖಗಳನ್ನೇ ತೆಗೆದವನು ನೀನು. “ಸ್ವಲ್ಪ ಗದ್ದ ಎತ್ತಿ, ಹಾಂ, ಸಾಕು” ಎಂದು ಊರಿನವರನ್ನೆಲ್ಲ ಆ ಸ್ಟೂಲಿನ ಮೇಲೆ ಕೂರಿಸಿದವನು. ಅವಳು ಹೋದ ಮೇಲೆ ಒಂದು ಮುಖವನ್ನಾದರೂ ಮನಸಿಟ್ಟು ತೆಗೆದಿದ್ದೀಯಾ? ನಸುಕಿನಲ್ಲೇ ಎದ್ದು, ಬೀದಿಗೆ ಜನ ಬರುವ ಮೊದಲೇ ತೆಗೆದು ಮನೆ ಸೇರುತ್ತೀಯಂತೆ. ಆಗ ಬೆಳಕು ಚೆನ್ನಾಗಿರುತ್ತದೆ ಎಂದು ನೀನೇ ಬರೆದಿದ್ದೆ. ಇರಬಹುದು. ಅದು ಕಾರ್ಖಾನೆಯ ರಾತ್ರಿ ಪಾಳಿ ಬಿಡುವ ಹೊತ್ತೂ ಹೌದು.

ಬೈಯುತ್ತಿದ್ದೇನೆ ಎಂದುಕೊಳ್ಳಬೇಡ. ನಿನಗೆ, ನಿನ್ನ ಹೆಂಡತಿಗೆ, ಆ ಮಗುವಿಗೆ ಒಳ್ಳೆಯದಾಗಲಿ. ಬೆನ್ನಿಗೆ ಬಿಸಿನೀರು ಹಾಕಿಕೋ, ಕ್ಯಾಮೆರಾ ಚೀಲ ಒಂದೇ ಹೆಗಲಿಗೆ ಹಾಕಬೇಡ. ಭಾವ ನಿನ್ನನ್ನು ಕೇಳಿದ್ದಾರೆ.

ಇಂತಿ
ನಿನ್ನ ಅಕ್ಕ

ತಾ. ಕ.: ಕೊನೆಯ ಫೋಟೋದ ಮಾತು. ಮುಚ್ಚಿದ ಚಪ್ಪಲಿ ಅಂಗಡಿಯ ಗಾಜು, ಒಳಗೆ ಒಂಟಿ ಬೂಟು. ಆ ಬೂಟಿನ ಕಥೆ ಬರೆಯೋಣ ಎಂದು, ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿ ಇಟ್ಟು ನೋಡಿದೆ. ಗಾಜಿನಲ್ಲಿ ನೀನಿದ್ದೀ, ಮುಖಕ್ಕೆ ಕ್ಯಾಮೆರಾ ಅಡ್ಡ. ನಿನ್ನ ಬೆನ್ನ ಹಿಂದೆ, ರಸ್ತೆಯ ಆಚೆ ಬದಿಯಲ್ಲಿ, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ಚುಕ್ಕಿ ನಿಂತಿದ್ದಾಳೆ. ನಿನ್ನ ಕಣ್ಣು ಬೂಟಿನ ಮೇಲಿತ್ತು, ನೀನು ನೋಡಿಲ್ಲ. ಅವಳು ದಾಟಿಹೋಗುತ್ತಿಲ್ಲ ಕಣೋ, ನಿಂತಿದ್ದಾಳೆ. ನೀನು ಕಲಿಸಿದ ಹಾಗೆ, ಗದ್ದ ಸ್ವಲ್ಪ ಎತ್ತಿ.

ಎಷ್ಟೋ ಸಲ ಪೆನ್ನು ಹಿಡಿದೆ, ಇದನ್ನು ಮಾತ್ರ ಕಥೆ ಮಾಡಲಾಗಲಿಲ್ಲ. ಸಾಮಾನು ಕಳೆದುಕೊಂಡು ನನ್ನ ಕಿಟಕಿಗೆ ಬಂದವರು ಒಳಗೆ ಬಗ್ಗಿ, ಹೆದರಿಕೊಂಡೇ ಕೇಳುತ್ತಿದ್ದರು, “ಇನ್ನೂ ಇದೆಯಾ?” ಎಂದು. ಇದೆ ತಮ್ಮಾ. ಫೋಟೋ ಇದರೊಳಗೇ ಇಟ್ಟಿದ್ದೇನೆ, ನೀನೇ ನೋಡು. ನೋಡಿ ಆ ತಿರುವು ದಾಟು. ಆಮೇಲೆ ನನಗೆ ಬರಿ, ಎರಡೇ ಸಾಲಾದರೂ ಸಾಕು, ಬೇಗ ಬರಿ.