ಎರಡನೇ ಸಲ ಬರೆದ ಸೀಡಿ

೯ ಫೆಬ್ರುವರಿ ೨೦೦೪, ಸೋಮವಾರ

ಬೆಳಿಗ್ಗೆಯಿಂದ ಸೀಡಿ ಬರೆಯುವುದೇ ಕೆಲಸ. ಹೊಳಲ್ಕೆರೆಯ ಮದುವೆ ಫೋಟೊಗಳೆಲ್ಲ ನಮ್ಮ ಡಿಟಿಪಿ ಸೆಂಟರಿಗೇ ಬರುತ್ತವೆ. ಕಂಪ್ಯೂಟರಿಗೆ ಮತ್ತೆ ವೈರಸ್. ನಾಳೆ ಎಲ್ಲ ಅಳಿಸಿ ಫಾರ್ಮ್ಯಾಟ್ ಅಂದರು ಓನರ್ ಮುರುಗಪ್ಪನವರು.

ಅಜ್ಜಿಯರ ಹಾಡು ಮೊದಲು ಉಳಿಸಬೇಕಿತ್ತು. ನನ್ನ ಹೊನ್ನಕ್ಕಜ್ಜಿ, ಅವಳ ವಾರಗಿತ್ತಿ ಬಸಮ್ಮಜ್ಜಿ, ಹೋದ ವರ್ಷ ಬಿ.ದುರ್ಗದಿಂದ ಬಂದು ಇದೇ ಮೈಕಿನ ಮುಂದೆ ಹಾಡಿದ ಹದಿನೆಂಟು ಸೋಬಾನೆ ಪದ. ಸೀಡಿಗೆ ಹಾಕಿದೆ. ಇನ್ನೂ ಬೇಕಾದಷ್ಟು ಜಾಗ ಖಾಲಿ. ವೇಸ್ಟ್ ಮಾಡಬಾರದು...

೨೧ ಫೆಬ್ರುವರಿ, ಶನಿವಾರ

ಕೆಟ್ಟೆ. ಅದೇ ಸೀಡಿಗೆ ಮನೆಯ ಫೋಟೊ ಸೇರಿಸಿದೆ. ತೆರೆದರೆ ಫೋಟೊ ಮಾತ್ರ. ಹಾಡು ಒಂದೂ ಇಲ್ಲ. ವೇಲಿನಲ್ಲಿ ಒರೆಸಿ ಹಾಕಿದೆ. ಇಲ್ಲ. ಬೇರೆ ಕಂಪ್ಯೂಟರಿಗೆ ಹಾಕಿದೆ. ಇಲ್ಲ. ಹಾರ್ಡ್ ಡಿಸ್ಕ್ ಆಗಲೇ ಫಾರ್ಮ್ಯಾಟ್ ಆಗಿದೆ.

ಮತ್ತೆ ಹಾಡಿಸೋಣವೆಂದರೆ ಇಬ್ಬರಿಗೂ ಸಂಕ್ರಾಂತಿಯಿಂದ ಮಾತಿಲ್ಲ. ಬಸಮ್ಮಜ್ಜಿಯ ಕೋಳಿ ನಮ್ಮ ಹಿತ್ತಲಲ್ಲಿ ಮೊಟ್ಟೆ ಇಟ್ಟಿದ್ದೇ ಜಗಳ.

೨೨ ಫೆಬ್ರುವರಿ, ಭಾನುವಾರ

ಊರಿಗೆ ಹೋಗಿ ಹೇಳಿಬಿಟ್ಟೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು.

“ನಮ್ಮತ್ತೆ ಕಲಿಸಿದ್ದೂ ಹೋತೇನೇ?”

“ಹ್ಞೂ. ಇನ್ನೊಂದ್ಸಲ ಹಾಡಜ್ಜಿ.”

“ನಾನೊಬ್ಳೇ ಹಾಡಿದ್ರೆ ಅರ್ಧ ಪದ ಕಣೇ. ಸೊಲ್ಲಿಗೆ ಸೊಲ್ಲು ಕೊಡಾಕೆ ಅವ್ಳು ಬೇಕು. ನಾನಂತೂ ಕರೆಯಲ್ಲ.”

ಪಕ್ಕದ ಮನೆಗೆ ಹೋದೆ. ಬಸಮ್ಮಜ್ಜಿ ಮುಖ ತಿರುಗಿಸಿಯೇ ಅಂದಳು, “ಮೊಟ್ಟೆ ಕದ್ದೋಳು ಮೊದ್ಲು ಬರ್ಲಿ.”

೨೪ ಫೆಬ್ರುವರಿ, ಮಂಗಳವಾರ

ರಜೆ ಹಾಕಿ ಚಿತ್ರದುರ್ಗ. ಮಾರುತೇಶಣ್ಣನ ಕಂಪ್ಯೂಟರ್ ಅಂಗಡಿ. ನಾನು ಡಿಟಿಪಿ ಕಲಿತದ್ದು ಅವರ ಹತ್ತಿರವೇ. ಕೇಳಿ ನಕ್ಕುಬಿಟ್ಟರು.

“ಏನಮ್ಮ ಯಮುನಾ, ಹಾಡು ಎಲ್ಲಿಗೂ ಹೋಗಿಲ್ಲ, ಒಳಗೇ ಅವೆ. ಎರಡನೇ ಸಲ ಬರೆಯೋವಾಗ ಹಳೇ ಫೈಲುಗಳ ಪಟ್ಟಿ ಸೇರಿಸಿಲ್ಲ ನೀನು. ಕಂಪ್ಯೂಟ್ರು ಕೊನೇ ಪಟ್ಟಿ ಮಾತ್ರ ಓದ್ತೈತೆ.”

ಏನೋ ಒಂದು ಸಾಫ್ಟ್‌ವೇರ್ ತೆರೆದರು. ಮೊದಲನೇ ಪಟ್ಟಿ ಬಂತು. ಎಣಿಸಿದೆ — ಹದಿನೆಂಟು! ಅಂಗಡಿಯಲ್ಲೇ ಕೂಗಿಬಿಟ್ಟೆ. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಎರಡು ಕಾಪಿ ಮಾಡಿಸಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೇ ಇತ್ತು.

೨೯ ಫೆಬ್ರುವರಿ, ಭಾನುವಾರ

ಊರಲ್ಲಿ ಸೀಡಿ ಹಾಕಿದೆ. ವಾಲ್ಯೂಮ್ ಬೇಕಂತಲೇ ಜಾಸ್ತಿ. ಮೂರನೇ ಹಾಡಿಗೆ ಬಸಮ್ಮಜ್ಜಿ ಗೋಡೆಯಾಚೆ. ಐದನೆಯದಕ್ಕೆ ಹೊಸ್ತಿಲಲ್ಲಿ. ಏಳನೆಯದರಲ್ಲಿ ನಮ್ಮಜ್ಜಿಯ ದನಿ ಮಧ್ಯದಲ್ಲೇ ತಡೆಯುತ್ತದೆ, ಸಾಲು ಮರೆತಿದ್ದಳು. ಥಟ್ಟನೆ ಬಸಮ್ಮಜ್ಜಿಯ ದನಿ ಎತ್ತಿಕೊಳ್ಳುತ್ತದೆ.

ಅಜ್ಜಿ ಹೊಸ್ತಿಲಿನ ಕಡೆ ನೋಡಿದಳು. “ಅವತ್ತು ಮರ್ಯಾದೆ ಉಳಿಸ್ದೆ ಕಣೇ.”

“ನೀನು ಮರೆಯೋದು ಇವತ್ತಿಂದೇನಲ್ಲ ಬಿಡು.”

ಇಬ್ಬರೂ ನಕ್ಕರು. “ಒಳಗ್ ಬಾ, ಕುಂತ್ಕ” ಅಂದಳು ಅಜ್ಜಿ.

೬ ಮಾರ್ಚ್, ಶನಿವಾರ, ಮಧ್ಯಾಹ್ನ ೩

ಕರೆಯದೇ ಸೆಂಟರಿಗೆ ಬಂದಿದ್ದಾರೆ ಅಜ್ಜಿಯರಿಬ್ಬರೂ, ಒಂದೇ ಬಸ್ಸಿನಲ್ಲಿ. ಅತ್ತೆಯ ಇನ್ನೊಂದು ಪದ ನೆನಪಾಯಿತಂತೆ. ಮುರುಗಪ್ಪನವರು ಟೀ ತರಿಸಿದ್ದಾರೆ. ಅಜ್ಜಿಯರು ಕುಡಿಯುವಷ್ಟರಲ್ಲಿ ಇದಿಷ್ಟು ಬರೆಯುತ್ತಿದ್ದೇನೆ. ಈ ಪದಕ್ಕೆ ಮೂರು ದನಿ ಬೇಕಂತೆ. ಮೂರನೆಯದು ನಾನಂತೆ! ನನಗೆ ಸ್ನಾನದ ಮನೆಯಲ್ಲೂ ಹಾಡಲು ಬರುವುದಿಲ್ಲ... “ಬಾರೇ, ಹೇಳ್ಕೊಡ್ತೀವಿ” ಅಂತ ಇಬ್ಬರೂ ಒಟ್ಟಿಗೇ ಕರೆಯುತ್ತಿದ್ದಾರೆ. ಮೈಕಿನ ಮುಂದೆ, ಇಬ್ಬರ ನಡುವೆ ನನಗೊಂದು ಸ್ಟೂಲೂ ಹಾಕಿದ್ದಾರೆ. ಹೊರಟೆ.