ಬಾಯಲ್ಲಿ ಕರಗುವ ಹಾಳೆ

ಜನವರಿ 6, ಸೋಮವಾರ

ಲ್ಯಾಬಿನಲ್ಲಿ ಆರು ತಟ್ಟೆ ಜೆಲಟಿನ್ ಹುಯ್ದೆ. ಎರಡರಲ್ಲಿ ಗುಳ್ಳೆ ಎದ್ದಿತು, ಬಿಸಾಡಿದ್ದಾಯಿತು. ಉಳಿದವು ಟೇಬಲ್ಲಿನ ಮೇಲೆ ಒಣಗುತ್ತಿವೆ. ಕಾಡ್ ಮೀನಿನ ಚರ್ಮದಿಂದ ತೆಗೆದ ಜೆಲಟಿನ್, ನೀರು, ಸ್ವಲ್ಪ ಗ್ಲಿಸರಿನ್ — ಎಂದಿನದೇ. ಗ್ಲಿಸರಿನ್ ಕಡಿಮೆಯಾದರೆ ಪಟ್ಟನೆ ಮುರಿಯುತ್ತದೆ, ಹೆಚ್ಚಾದರೆ ಬೆರಳಿಗೆ ಅಂಟಿಕೊಂಡು ಬರುತ್ತದೆ. ಲ್ಯಾಬಿನ ಜೊತೆಗಾರ ಐವಿಂದುರ್‌ಗೆ ಬೇಕಾಗಿರುವುದು ಪ್ಲಾಸ್ಟಿಕ್ಕಿನ ಬದಲು ಮೀನಿನ ತುಂಡಿಗೆ ಸುತ್ತುವ ಹಾಳೆ. ಮೀನಿನ ಜೊತೆಗೇ ಬಾಣಲೆಗೆ ಹಾಕಿ ತಿಂದುಬಿಡುವಂಥದು. ಎಳೆದರೆ ಹರಿಯಬಾರದು. ಮೂರು ವರ್ಷದಿಂದ ಹರಿಯುತ್ತಲೇ ಇದೆ.

ಸಂಜೆ ಅಪ್ಪನ ಹತ್ತಿರ ಹೋಗಿದ್ದೆ. ಅಕ್ಟೋಬರಿನಲ್ಲಿ ಪಾರ್ಶ್ವವಾಯು ಹೊಡೆದ ಮೇಲೆ ಬಂದರಿನ ಮೇಲುಗಡೆಯ ವೃದ್ಧಾಶ್ರಮದಲ್ಲಿದ್ದಾನೆ. ಕೈ ಸುಮಾರಾಗಿ ವಾಪಸು ಬಂದಿದೆ, ಮಾತು ಮುಕ್ಕಾಲು ಬಂದಿದೆ. ನುಂಗುವುದು ಬಂದಿಲ್ಲ. ಊಟ ಎಂದರೆ ಎಲ್ಲವನ್ನೂ ಒಟ್ಟಿಗೆ ರುಬ್ಬಿದ ಪೇಸ್ಟು. ಏನು ರುಬ್ಬಿದರೂ ಅದು ಹಸಿರಾಗಿಯೇ ಬರುತ್ತದೆ. ಅಪ್ಪ ಅದಕ್ಕೆ ಊಟ ಅನ್ನುವುದಿಲ್ಲ, 'ಹಸಿರು' ಅನ್ನುತ್ತಾನೆ. ಇವತ್ತೂ ತಟ್ಟೆ ತುಂಬಿದ್ದು ಹಾಗೇ ಇತ್ತು.

“ಎರಡು ಚಮಚ ತಿನ್ನಪ್ಪಾ.”

“ಗೋಡೆಗೆ ಬಳಿಯೋದನ್ನ ಬಾಯಿಗೆ ಬಳೀತಾರೆ. ನಂಗೆ ಬೇಡ.”

ಇಪ್ಪತ್ತನಾಲ್ಕಕ್ಕೆ ಗಂಡಸರ ದಿನ, ನಡುಚಳಿಗಾಲದ ಥೋರಿ ತಿಂಗಳಿನ ಮೊದಲ ಹಬ್ಬದೂಟ. ಆಶ್ರಮದಲ್ಲೂ ಉದ್ದದ ಟೇಬಲ್ ಹಾಕುತ್ತಾರೆ. ಕುರಿತಲೆ, ಹುಳಿ ಬರಿಸಿದ ಶಾರ್ಕ್, ಒಣಮೀನು, ಬೆಣ್ಣೆ. ಅಪ್ಪ ಹೋಗುವುದಿಲ್ಲವಂತೆ. ಒಂದೇ ದೋಣಿಯಲ್ಲಿ ದುಡಿದ ಕೋಲ್ಬೇನ್ ಈಗ ಎದುರು ಕೋಣೆಯಲ್ಲೇ ಇದ್ದಾನಲ್ಲ.

“ಅವನು ಕುರಿ ದವಡೆ ಕಿತ್ತು ತಿಂತಾ ಕೂತಿರ್ತಾನೆ, ನಾನು ಎದುರಿಗೆ ಹಸಿರು ಹಾಕ್ಕೊಂಡು ಕೂರೋದಾ? ಬಾಗಿಲು ಹಾಕ್ಕೊಂಡು ಮಲಗ್ತೀನಿ.”

ಅವತ್ತು ಟೇಬಲ್ಲಿಗೆ ಬರಲಿಲ್ಲವೆಂದರೆ ಮುಂದೆ ಯಾವತ್ತೂ ಬರುವುದಿಲ್ಲ. ನನಗೆ ಅಪ್ಪ ಗೊತ್ತು. ಬಾಗಿಲು ಹಾಕಿಕೊಂಡರೆ ಹಾಕಿಕೊಂಡದ್ದೇ.

ಜನವರಿ 8, ಬುಧವಾರ

ಕರಗುವ ಪರೀಕ್ಷೆ. ಬೆಚ್ಚನೆಯ ನೀರಿಗೆ ಹಾಳೆಯ ಚೂರು ಹಾಕಿ ಗಡಿಯಾರ ನೋಡುವಷ್ಟರಲ್ಲಿ ಮಾಯ. ದನದ ಜೆಲಟಿನ್ ಆಗಿದ್ದರೆ ಸ್ವಲ್ಪ ಹಟ ಮಾಡುತ್ತಿತ್ತು. ತಣ್ಣೀರಿನ ಮೀನಿನದು ಬಾಯಿಯ ಬಿಸಿಗೇ ಸೋತುಬಿಡುತ್ತದೆ. ವರದಿಯಲ್ಲಿ ಅದಕ್ಕೆ 'ದೋಷ' ಎಂದು ಬರೆಯುತ್ತೇವೆ. ಇವತ್ತೂ ಬರೆದೆ. ಬರೆಯುತ್ತಾ ಅಪ್ಪನ ಬಾಯಿ ನೆನಪಾಯಿತು.

ಆಶ್ರಮದಲ್ಲಿ ನುಂಗುವುದನ್ನು ಮತ್ತೆ ಕಲಿಸುವವಳು ಹೇರ್ದೀಸ್. ಅವಳಿಗೆ ಫೋನ್ ಮಾಡಿದೆ. ಮೊದಲು ನಕ್ಕಳು. ಆಮೇಲೆ ಕೇಳಿಸಿಕೊಂಡಳು.

“ಗಟ್ಟಿ ಚೂರು ಬಾಯಲ್ಲಿ ಉಳೀಬಾರ್ದು ಕಣ್ರೀ. ನೀರಾಗಿ ಗಂಟಲಿಗೆ ಸುರೀಲೂಬಾರ್ದು. ಎರಡೂ ಶ್ವಾಸಕೋಶಕ್ಕೆ ಹೋಗುತ್ತೆ.”

“ಸ್ಟಾಂಪಿನಷ್ಟಗಲ ಚೂರು. ಕರಗಿದ್ರೂ ಒಂದು ಹನಿ ಆಗಲ್ಲ.”

“ತನ್ನಿ, ನೋಡೋಣ. ನಾನಿಲ್ಲದೆ ಕೊಡ್ಬೇಡಿ.”

ಜನವರಿ 10, ಶುಕ್ರವಾರ

ನಿನ್ನೆ ಒಣಮೀನನ್ನು ನೀರಿನಲ್ಲಿ ಕುದಿಸಿ ಸೋಸಿದೆ. ಅದೇ ನೀರಿನಲ್ಲಿ ಜೆಲಟಿನ್ ಕರಗಿಸಿದೆ. ಲ್ಯಾಬಿನ ಪಾತ್ರೆ ಮುಟ್ಟಲಿಲ್ಲ, ಎಲ್ಲ ಮನೆಯದೇ. ಲ್ಯಾಬಿನಲ್ಲಿ ಟೇಬಲ್ ಮಾತ್ರ ಎರವಲು. ನಿನ್ನೆ ಹುಯ್ದದ್ದು ಇವತ್ತು ಮಧ್ಯಾಹ್ನ ಸಲೀಸಾಗಿ ಎದ್ದು ಬಂತು. ತೆಳ್ಳಗೆ, ನಸು ಹಳದಿ. ಎಳೆದರೆ ಪಿಸಕ್ಕನೆ ಹರಿಯಿತು. ಐವಿಂದುರ್ ನೋಡಿ ಮುಖ ಹಿಂಡಿದ.

ಸಂಜೆ ಆಶ್ರಮದಲ್ಲಿ ಹೇರ್ದೀಸ್ ಪಕ್ಕದಲ್ಲಿ ಕೂತಳು. ಅಪ್ಪನನ್ನು ನೆಟ್ಟಗೆ ಕೂರಿಸಿ ಗದ್ದ ತಗ್ಗಿಸಿ ನಾಲಿಗೆಯ ಮೇಲೆ ಒಂದು ಚೂರು ಇಟ್ಟೆವು. ಬಾಯಿ ಮುಚ್ಚಿದ. ಸುಮ್ಮನೆ ಕೂತ. ಗಂಟಲು ಒಮ್ಮೆ ಆಡಿತು. ಕೆಮ್ಮಲಿಲ್ಲ.

“ಹ್ಯಾಡಕ್” ಅಂದ. ಆಮೇಲೆ, “ಬೆಣ್ಣೆ ಎಲ್ಲಿ?”

ಜೆಲಟಿನ್ ಕಾಡ್ ಮೀನಿನ ಚರ್ಮದ್ದು, ಕುದಿಸಿದ ಒಣಮೀನು ಹ್ಯಾಡಕ್ ಜಾತಿಯದು. ಅದನ್ನು ನಾನು ಹೇಳಿರಲಿಲ್ಲ. ಐದು ಚೂರು ತಿಂದ. ಮನೆಗೆ ಬರುತ್ತಾ ಕಾರಿನಲ್ಲಿ ಒಬ್ಬಳೇ ನಕ್ಕೆ.

ಜನವರಿ 13, ಸೋಮವಾರ

ಹೊಸ ಹಾಳೆ ಇಳಿಸಿದೆ. ಅದೇ ಮೂಟೆಯ ಜೆಲಟಿನ್, ಅದೇ ಅಳತೆ, ಜೊತೆಗೆ ಸ್ವಲ್ಪ ಬೆಣ್ಣೆ. ಹಾಲಿನಂತೆ ಮಬ್ಬಾಗಿ ಬಂದಿದೆ. ಕೊಬ್ಬು ಸೇರಿದರೆ ಬಲ ಇಳಿಯಬೇಕು. ಇಳಿದಿಲ್ಲ! ಪಕ್ಕದ ತಟ್ಟೆಯ ಬೆಣ್ಣೆಯಿಲ್ಲದ ಹಾಳೆಯನ್ನು ಎಳೆಯುವ ಮೆಷಿನ್ನಿಗೆ ಕೊಟ್ಟರೆ ಮೊದಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಎಳೆತ ತಡೆದುಕೊಂಡಿತು. ಐವಿಂದುರ್ ಎರಡು ಸಲ ಎಳೆದು ನೋಡಿದ, ಮೂರನೆಯ ಸಲ ಕಾಫಿ ತಂದುಕೊಟ್ಟ.

“ಏನ್ ಮಾಡಿದ್ಯೇ ದೀಸಾ?”

“ಏನೂ ಇಲ್ಲ.”

“ಅದನ್ನೇ ಇನ್ನೊಂದ್ಸಲ ಮಾಡು.”

ಅಪ್ಪನಿಗೂ ಒಳ್ಳೆಯದೇ ಹೋಗುತ್ತಿದೆ. ನಾಳೆ.

ಜನವರಿ 14, ಮಂಗಳವಾರ

ಅಂಗುಳಿಗೆ ಅಂಟಿಕೊಂಡಿತು. ಕರಗಲಿಲ್ಲ. ಅಪ್ಪ ನಾಲಿಗೆಯಿಂದ ತಳ್ಳಲು ನೋಡಿದ, ಅದು ಮುದುರಿಕೊಂಡು ಹಿಂದಕ್ಕೆ ಜಾರಿತು. ಕೆಮ್ಮು. ತುಟಿ ನೀಲಿ. ಹೇರ್ದೀಸ್ ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಹೊಡೆದು ಬೆರಳು ಹಾಕಿ ತೆಗೆದಳು. ನಾನು ಕೈಯಲ್ಲಿ ಡಬ್ಬಿ ಹಿಡಿದು ನಿಂತಿದ್ದೆ.

“ಬಾಯಿಗೆ ಹಾಕ್ಕೊಂಡು ನೋಡಿದ್ರಾ ಇದನ್ನ?”

“ಮೆಷಿನ್ನಿಗೆ ಹಾಕಿ ನೋಡಿದ್ದೆ.”

ಹೇರ್ದೀಸ್ ಬೈಯಲಿಲ್ಲ. ಇನ್ನು ತರಬೇಡಿ ಎಂದಳು, ಅಷ್ಟೆ. ಅಪ್ಪ ನನ್ನ ಮುಖ ನೋಡಲಿಲ್ಲ.

ಜನವರಿ 19, ಭಾನುವಾರ

ಬರೆಯಲು ಮನಸ್ಸಿರಲಿಲ್ಲ. ದಿನಾ ಹೋಗಿ ಬಂದೆ. ಅಪ್ಪ ಈಗ ಹಸಿರನ್ನೂ ಮುಟ್ಟುತ್ತಿಲ್ಲ. ಚಮಚ ಹತ್ತಿರ ಬಂದರೆ ಬಾಯಿ ಬಿಗಿಯುತ್ತಾನೆ. ಮೊದಲು ಹಟ ಇತ್ತು, ಅದು ನನಗೆ ಪರಿಚಯದ್ದು. ಈಗ ಇರುವುದು ಹೆದರಿಕೆ. ನಲವತ್ತು ವರ್ಷ ಚಳಿಗಾಲದ ಸಮುದ್ರದಲ್ಲಿ ಹೆದರದವನು ಚಮಚಕ್ಕೆ ಹೆದರುವಂತೆ ಮಾಡಿದವಳು ನಾನು. ತುಂಬ ನೋವಾಗುತ್ತಿದೆ.

ವಾರಪೂರ್ತಿ ಕಾರಣ ಹುಡುಕಿದೆ. ಬೆಣ್ಣೆಯ ಮೇಲೆ ಗುಮಾನಿ ಪಟ್ಟೆ, ಅದನ್ನು ಬಿಟ್ಟು ಮಾಡಿದೆ. ಗ್ಲಿಸರಿನ್ ಬಾಟಲಿ ಬದಲಿಸಿದೆ. ಜೆಲಟಿನ್ ಮೂಟೆ ಕಳಿಸಿದವರಿಗೆ ಖಾರವಾಗಿ ಒಂದು ಮೇಲ್ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಳೆ ಒಂದು ದಿನ ಮೆತ್ತಗೆ, ಒಂದು ದಿನ ಗಟ್ಟಿ. ಯಾಕೆಂದು ಗೊತ್ತಿಲ್ಲ. ಗೊತ್ತಾಗದೆ ಮತ್ತೆ ಅವನ ಬಾಯಿಗೆ ಏನೂ ಇಡಲಾರೆ.

ಜನವರಿ 21, ಮಂಗಳವಾರ

ಗೊತ್ತಾಯಿತು.

ಬೆಳಿಗ್ಗೆ ತಟ್ಟೆ ಹುಯ್ದು ಕೂತಿದ್ದೆ. ಹೀಟರ್ ಧಗಧಗ. ನೆಲದಡಿಯಿಂದ ತಾನಾಗಿ ಉಕ್ಕುವ ಬಿಸಿನೀರಿನಲ್ಲಿ ಓಡುವುದು, ಯಾರಪ್ಪನ ಗಂಟೂ ಅಲ್ಲ, ಕಡಿಮೆ ಮಾಡುವವರು ಯಾರು? ಸೆಕೆಯಾದರೆ ಊರಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಹೀಟರಿನ ತಿರುಪು ಮುಟ್ಟದೆ ಕಿಟಕಿ ತೆರೆದೆ. ಕೈ ತಾನಾಗಿ ಹೋಗಿ ತೆರೆದು ಬಂತು. ಕಾಫಿ ಕುಡಿದು ವಾಪಸು ಬಂದು ತಟ್ಟೆ ಸರಿಸಿದರೆ ಒಳಗಿನದು ಹರಿಯಲಿಲ್ಲ, ನಡುಗಿತು. ಹೆಪ್ಪುಗಟ್ಟಿತ್ತು. ಕಾಡ್ ಜೆಲಟಿನ್ ಕೋಣೆಯ ಬಿಸಿಯಲ್ಲಿ ಎಂದೂ ಹೆಪ್ಪುಗಟ್ಟುವುದಿಲ್ಲ. ಬಡಗಣ ಗಾಳಿ ನೇರವಾಗಿ ತಟ್ಟೆಯ ಮೇಲೆ ಬೀಳುತ್ತಿತ್ತು. ಅಪ್ಪನ ಅಂಗುಳಿಗೆ ಅಂಟಿಕೊಂಡ ಹಾಳೆ ಹುಯ್ದ ದಿನವೂ ಹೀಗೇ ಕಿಟಕಿ ತೆರೆದಿದ್ದೆ.

ಅಷ್ಟೇ ವಿಷಯ. ಬೆಚ್ಚಗೆ ಒಣಗಿದರೆ ಜೆಲಟಿನ್ನಿನ ಎಳೆಗಳು ಬಿಡಿಬಿಡಿಯಾಗಿ ಉಳಿಯುತ್ತವೆ, ಬಾಯಿಗೆ ಬಿದ್ದೊಡನೆ ಕರಗುತ್ತವೆ. ಮೊದಲು ಹೆಪ್ಪುಗಟ್ಟಿ ಆಮೇಲೆ ಒಣಗಿದರೆ ಒಂದಕ್ಕೊಂದು ಹೆಣೆದುಕೊಂಡು ಬಿಡಿಸಲು ಬಾರದಷ್ಟು ಗಟ್ಟಿಯಾಗುತ್ತವೆ. ಪಾಠದಲ್ಲಿ ಓದಿದ್ದೆ, ವಿದ್ಯಾರ್ಥಿಗಳಿಗೆ ಹೇಳಿಯೂ ಇದ್ದೆ. ಕಿಟಕಿ ತೆರೆಯುವುದು ಒಂದು ಕೆಲಸವೆಂದು ಯಾರಿಗೂ ಹೊಳೆದಿರಲಿಲ್ಲ. ಎಲ್ಲ ವಿವರ ಬರೆದಿಡುವ ನಾನೂ ಅದನ್ನು ಬರೆದಿರಲಿಲ್ಲ.

ಐವಿಂದುರ್‌ಗೆ ಹೇಳಿದೆ. ಕಿಟಕಿಯನ್ನು ನೋಡಿದ, ತಟ್ಟೆಯನ್ನು ನೋಡಿದ.

“ಮೂರು ವರ್ಷ ಕಣೇ. ಒಂದು ಕಿಟಕಿ.”

“ಹೂಂ.”

“ಮುಚ್ಚಬೇಡ ಮತ್ತೆ. ನಂಗೆ ಗಟ್ಟೀದೇ ಬೇಕು.”

ಅವನ ತಟ್ಟೆ ಕಿಟಕಿಯ ಕೆಳಗೆ. ನನ್ನದು ಒಳಗಿನ ಕೋಣೆಯಲ್ಲಿ, ಹೀಟರಿನ ಪಕ್ಕ, ಬಾಗಿಲು ಹಾಕಿ.

ಜನವರಿ 22, ಬುಧವಾರ

ಹೇರ್ದೀಸ್‌ಳ ಟೇಬಲ್ಲಿನ ಮೇಲೆ ಎರಡು ಬಟ್ಟಲು ಬೆಚ್ಚನೆಯ ನೀರು. ಒಂದಕ್ಕೆ ಕಿಟಕಿಯ ಹಾಳೆ, ಒಂದಕ್ಕೆ ಹೀಟರಿನ ಹಾಳೆ. ಹೀಟರಿನದು ಕರಗಿತು. ಕಿಟಕಿಯದು ಉಬ್ಬಿ ತೇಲಿತು. ಅವಳು ಚಮಚದಿಂದ ಒತ್ತಿದಳು, ಮತ್ತೆ ತೇಲಿತು. ಆಮೇಲೆ ಎರಡನ್ನೂ ತನ್ನ ಬಾಯಿಗೇ ಹಾಕಿಕೊಂಡಳು. ನಾನು ಬೆಳಿಗ್ಗೆಯೇ ಹಾಕಿಕೊಂಡಿದ್ದೆ. ಒಂದು ಹಾಳೆಗೆ ಒಂದು ಚೂರು ಮೊದಲು ನನಗೆ, ಒಂದು ಚೂರು ಅವಳಿಗೆ, ಆಮೇಲೆ ಅಪ್ಪನಿಗೆ — ಅದು ಅವಳ ಷರತ್ತು. ಒಪ್ಪಿದೆ.

ಅಪ್ಪ ಒಪ್ಪಲಿಲ್ಲ. ಬಾಯಿ ಬಿಗಿ ಹಿಡಿದು ಗೋಡೆ ನೋಡುತ್ತಾ ಕೂತ. ಬಲವಂತ ಮಾಡಬಾರದು. ಕೂತೆವು. ಎದುರು ಕೋಣೆಯಿಂದ ಕೋಲ್ಬೇನ್ ರೇಡಿಯೋದ ಹವಾಮಾನದ ಜೊತೆ ಜಗಳವಾಡುತ್ತಿದ್ದ, ಗಾಳಿಯ ಲೆಕ್ಕ ತಪ್ಪು ಎಂದು.

“ಅವತ್ತು ನಾನು ಕಿಟಕಿ ತೆಗೆದಿಟ್ಟಿದ್ದೆ, ಅಪ್ಪಾ. ಅದಕ್ಕೇ ಹಾಗಾಯ್ತು.”

ಗೋಡೆಯಿಂದ ಈಚೆ ತಿರುಗಿದ.

“ಗಾಳಿ ಎಲ್ಲಿಂದ?”

“ಬಡಗಣ.”

“ಬಡಗಣ ಗಾಳಿಗೆ ಮೀನು ಒಣಗಿಸಿದ್ರೆ ಕಲ್ಲಾಗುತ್ತೆ. ಅಷ್ಟೂ ಗೊತ್ತಿಲ್ವಾ ನಿಂಗೆ?” ಅಂದ. ಅದನ್ನು ಹೇಳಲು ಬಾಯಿ ತೆರೆದಿದ್ದ. ಹಾಗೇ ತೆರೆದುಕೊಂಡೇ ಇದ್ದ. ಹೇರ್ದೀಸ್ ಇಟ್ಟಳು.

ಕರಗಿತು. ನುಂಗಿದ.

ಜನವರಿ 24, ಶುಕ್ರವಾರ

ಗಂಡಸರ ದಿನ. ಅಪ್ಪನಿಗೆ ಕೋಟು ಬೇಕಂತೆ, ಟೈ ಬೇಕಂತೆ, ಆ ಟೈ ಅಲ್ಲವಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಕೋಟಿನೊಳಗೆ ಇನ್ನೊಬ್ಬ ಅಪ್ಪ ಹಿಡಿಸುವಷ್ಟು ಜಾಗ ಇದೆ.

ಚೂರುಗಳನ್ನು ಒಂದರ ಮೇಲೊಂದು ಜೋಡಿಸಿ ತಟ್ಟೆಯಲ್ಲಿಟ್ಟೆ. ಟೇಬಲ್ಲಿಗೆ ಬಂದ. ಹೇರ್ದೀಸ್ ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ಎದುರಿಗೆ ಕೋಲ್ಬೇನ್, ಕುರಿತಲೆಯ ಕಣ್ಣಿಗೆ ಚಾಕು ಹಾಕಿದವನು ಅಲ್ಲೇ ನಿಲ್ಲಿಸಿದ.

“ಏನೋ ಅದು ಈಸ್ಲೇವುರ್? ಲಕೋಟೆ ಅಂಟಿಸ್ತೀಯಾ?”

ಅಪ್ಪ ನಾಲಿಗೆಯ ಮೇಲೆ ಒಂದು ಚೂರು ಇಟ್ಟುಕೊಂಡ. ಕಣ್ಣು ಮುಚ್ಚಿದ. ನುಂಗಿದ.

“ಒಣಮೀನು. ಬೆಣ್ಣೆ ಹಚ್ಚಿದ್ದು.”

“ಸುಳ್ಳು ಹೇಳ್ತೀಯಾ. ಕೊಡು ಇಲ್ಲಿ, ನೋಡೋಣ.”

“ಹಲ್ಲಿರೋರು ಹಲ್ಲಿಗೆ ಸಿಗೋದನ್ನ ತಿನ್ನಿ” ಎಂದು ಅಪ್ಪ ಬಲಗೈಯನ್ನು ತಟ್ಟೆಯ ಸುತ್ತ ಅಡ್ಡ ಇಟ್ಟುಕೊಂಡ.

ಟೇಬಲ್ಲೆಲ್ಲ ನಕ್ಕಿತು. ಕೋಲ್ಬೇನ್ ಕೈ ಚಾಚಿದ, ಅಪ್ಪ ಫೋರ್ಕಿನಿಂದ ಕುಟ್ಟಿದ. ಮೂರು ತಿಂಗಳಿಂದ ತಟ್ಟೆಯನ್ನು ದೂರ ತಳ್ಳುತ್ತಿದ್ದ ಕೈ ಅದು. ನನಗೆ ಆದ ಸಂತೋಷವನ್ನು ಹೇಗೆ ಬರೆಯುವುದೋ ತಿಳಿಯದು. ಸಂತೋಷವಾಯಿತು.

ಜನವರಿ 28, ಮಂಗಳವಾರ

ತೂಕ ಮತ್ತೆ ಇಳಿದಿದೆ. ಹೇರ್ದೀಸ್ ಬಾಗಿಲಾಚೆ ಕರೆದು ಹೇಳಿದಳು.

“ಹಾಳೇಲಿ ಹೊಟ್ಟೆ ತುಂಬೋದು ಏನೂ ಇಲ್ಲ, ನಿಮಗೆ ಗೊತ್ತಲ್ಲ.”

ಗೊತ್ತು. ಒಂದು ಹಾಳೆಯ ತೂಕ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

“ಆದ್ರೆ ಟೇಬಲ್ಲಿಗೆ ಬರ್ತಾರೆ. ಒಂದು ಚೂರು ಮೀನು, ಎರಡು ಚಮಚ ಹಸಿರು, ಮತ್ತೆ ಮೀನು. ಹಾಗಂತ ನಂಗೂ ಅವರಿಗೂ ಒಪ್ಪಂದ ಆಗಿದೆ. ಚೌಕಾಸಿ ಮಾಡ್ತಾರೆ.”

ಚೌಕಾಸಿ ಮಾಡುವಷ್ಟು ಬದುಕುವ ಆಸೆ ಇದೆ. ಅಷ್ಟಂತೂ ಇದೆ.

ಫೆಬ್ರವರಿ 2, ಭಾನುವಾರ

ಸಂಜೆ ಫೋನ್. ಅಪ್ಪನೇ ಮಾಡಿದ್ದ, ಆಶ್ರಮಕ್ಕೆ ಹೋದ ಮೇಲೆ ಮೊದಲ ಸಲ.

“ದೀಸಾ. ನಾಳೆ ಎರಡು ಡಬ್ಬಿ ತಾ.”

“ಯಾಕಪ್ಪಾ, ಮುಗೀತಾ?”

“ನಂಗಲ್ಲ. ಮೊನ್ನೆ ರಾತ್ರಿ ಕೋಲ್ಬೇನ್‌ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಇವತ್ತು ಬಂದ. ಮಧ್ಯಾಹ್ನ ಅವನ ತಟ್ಟೆಗೂ ಹಸಿರು ಬಂತು.”

“ತಿಂದನಾ?”

“ಬಾಗಿಲು ಹಾಕ್ಕೊಂಡಿದಾನೆ. ಹೇರ್ದೀಸ್‌ಗೆ ಹೇಳಿದೀನಿ, ನಾಳೆ ಅವನ ಗಂಟಲು ನೋಡ್ತೀನಿ ಅಂದ್ಲು. ಅವನಿಗೆ ಹ್ಯಾಡಕ್ ಮಾಡ್ಬೇಡ. ಅವನಿಗೆ ಶಾರ್ಕ್ ಅಂದ್ರೆ ಪ್ರಾಣ.”

ಫೋನ್ ಇಟ್ಟುಬಿಟ್ಟ.

ಶಾರ್ಕ್. ಹುಳಿ ಬರಿಸಿದ ಅದರ ಅಮೋನಿಯಾ ಘಾಟಿಗೆ ಐವಿಂದುರ್ ಲ್ಯಾಬ್ ಬಿಟ್ಟು ಓಡುತ್ತಾನೆ. ಅಷ್ಟು ಅಮೋನಿಯಾ ಸೇರಿದರೆ ಜೆಲಟಿನ್ ಏನಾಗುತ್ತದೋ, ಕರಗುತ್ತದೋ ಇಲ್ಲವೋ, ಯಾರೂ ಮಾಡಿ ನೋಡಿದ್ದು ಕಾಣೆ. ಮೊದಲು ಒಂದೇ ಒಂದು ತಟ್ಟೆ ಹುಯ್ದು, ನಾನೇ ಬಾಯಿಗೆ ಹಾಕಿಕೊಂಡು... ಇಷ್ಟು ಹೊತ್ತಿನಲ್ಲಿ ಶಾರ್ಕ್ ಯಾರ ಮನೆಯಲ್ಲಿ ಸಿಗುತ್ತದೆ — ಬಂದರಿನ ಹತ್ತಿರದ ಮೀನಂಗಡಿಯವನ ಬಾಗಿಲು ತಟ್ಟಿ ನೋಡಬೇಕು. ಹೊರಟೆ.