ಹೆಗಲ ಮೇಲಿನ ಕೈ

ನುಗ್ಗೇಹಳ್ಳಿ
೧೪-೧೧-೨೦೨೪

ಪ್ರೀತಿಯ ದಿವ್ಯಾ,

ಹೇಗಿದ್ದೀಯಾ? ಹಾಸನದ ಹೊಸ ಮನೆ ಒಗ್ಗಿತೇ? ನಮ್ಮ ಯಶಸ್ವಿನಿ ಹೋದಾಗಿನಿಂದ ಬರೆಯಬೇಕು ಅಂದುಕೊಳ್ಳುತ್ತಲೇ ತಿಂಗಳು ಕಳೆದೆ, ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ನೀಲಿ ಟಿಕ್ ಬೀಳುತ್ತದೆ, ಅಷ್ಟೆ. ಕಾಗದವಾದರೆ ಒಡೆದು ನೋಡಲೇಬೇಕಲ್ಲ.

ಅವಳ ಶಿವಗಣಾರಾಧನೆಗೂ ನೀನು ಬರಲಿಲ್ಲ. ಗಾಯಾಳು ಸಿಪಾಯಿಗಳನ್ನು ಬೆಟ್ಟದಿಂದ ಕೆಳಗಿಳಿಸುತ್ತಿದ್ದ ಮಿಲಿಟರಿ ಆಂಬುಲೆನ್ಸಿನ ಮೇಲೆ ಗುಡ್ಡ ಕುಸಿಯಿತು, ನರ್ಸಮ್ಮ ಹಿಂದೆ ಕೂತು ರೋಗಿಯ ಕೈ ಹಿಡಿದುಕೊಂಡೇ ಇದ್ದರು ಎಂದು ಅವಳ ಜೊತೆ ಕೆಲಸ ಮಾಡಿದವರು ಬಂದು ಹೇಳಿದರು. ಊರಿನವರೆಲ್ಲ ಅತ್ತರು. ಅವಳು ಬದುಕಿದ್ದಾಗ ಬಾಯಿಗೆ ಬಂದದ್ದು ಆಡಿದವರು ಒಂದು ಕೈ ಹೆಚ್ಚಾಗಿಯೇ ಅತ್ತರು.

ನಿಮ್ಮಣ್ಣ ಅಮರನಾಥ ಬಸ್ ಸ್ಟ್ಯಾಂಡಿನಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದ್ದಾನೆ. ಮೇಲೆ 'ನಮ್ಮೂರ ಹೆಮ್ಮೆಯ ಮಗಳು', ಕೆಳಗೆ ಕೈಮುಗಿದ ಅವನದೇ ಫೋಟೊ. ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾನಂತೆ. ತನಗೂ ಅವಳಿಗೂ ಒಪ್ಪಿಗೆ ಶಾಸ್ತ್ರ ಮುಗಿದ ಮೇಲೆ, 'ಕಂಡೋರ್ ಮೈ ತೊಳ್ಯೋಳು ನಮ್ಮನೆಗೆ ಬ್ಯಾಡ' ಎಂದು ಅವಳ ಸಂಬಂಧ ಮುರಿದವನೂ ಇವನೇ. ಎಷ್ಟು ಬೇಗ ಹೆಮ್ಮೆಯಾದಳು ನೋಡು.

ಫ್ಲೆಕ್ಸಿಗೆ ಹಾಕಿರುವುದು ನಾವು ಮೂವರೂ ಶ್ರವಣಬೆಳಗೊಳದಲ್ಲಿ ತೆಗೆಸಿಕೊಂಡ ಫೋಟೊ. ನಿನ್ನನ್ನೂ ನನ್ನನ್ನೂ ಕತ್ತರಿಸಿ, ಅವಳ ತಲೆಗೆ ಕಂಪ್ಯೂಟರಿನಲ್ಲೇ ಮಿಲಿಟರಿ ಟೋಪಿ ಇಟ್ಟಿದ್ದಾರೆ. ಅವಳ ಹೆಗಲ ಮೇಲಿದ್ದ ನನ್ನ ಕೈ ಮಾತ್ರ ಹಸಿರು ಬಳೆ ಸಮೇತ ಉಳಿದುಬಿಟ್ಟಿದೆ. ಬಸ್ ಕಾಯುವವರು ಇದ್ಯಾರ ಕೈ, ದೆವ್ವದ್ದಾ ಎಂದು ನಗುತ್ತಾರೆ. ನಾನೂ ಒಂದು ದಿನ ಅವರ ಜೊತೆ ನಕ್ಕೆ.

ಕೆರೆ ಏರಿ ಮೇಲೆ ನೀನು ಸೈಕಲ್ಲಿಂದ ಬಿದ್ದು ಮಂಡಿ ಒಡೆದುಕೊಂಡಾಗ, ತನ್ನ ಹೊಸ ರಿಬ್ಬನ್ ಬಿಚ್ಚಿ ಕಟ್ಟಿದವಳು ಅವಳು. ರಿಬ್ಬನ್ ಎಲ್ಲಿ ಎಂದು ಮನೆಯಲ್ಲಿ ಏಟು ಬಿದ್ದರೂ ನಿನ್ನ ಹೆಸರು ಹೇಳಲಿಲ್ಲ. ಕೆಲಸಕ್ಕೆ ಸೇರಿ ಮೊದಲ ರಜೆಗೆ ಬಂದಾಗ ಅದೇ ಏರಿ ಮೇಲೆ ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳಿದ್ದು ನೆನಪಿದೆಯಾ? ಎರಡೂ ಕೈ ಕಳೆದುಕೊಂಡ ಸಿಪಾಯಿಗೆ ಸ್ನಾನ ಮಾಡಿಸುವಾಗ ಅವನು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡನಂತೆ. 'ನಾನೂ ಮುಚ್ಕೊಂಡೆ ಕಣ್ರೇ. ಆಮೇಕೆ ಇಬ್ರೂ ಅತ್ಬುಟ್ವಿ' ಅಂದಳು. ಅಮ್ಮನಿಗೂ ಹೇಳಿಲ್ಲ, ನಿಮ್ಮಿಬ್ಬರಲ್ಲೇ ಇರಲಿ ಎಂದೂ ಅಂದಳು.

ಒಂದು ಸಲ ಬಂದು ಅವಳ ತಾಯಿ ಸುವರ್ಣಮ್ಮನವರ ಹತ್ತಿರ ಕೂತು ಹೋಗು. ಒಂದೇ ಒಂದು ಮಾತು ಅವರಿಗೆ ನಿನ್ನ ಬಾಯಿಂದ ತಿಳಿಯಬೇಕು. ನನ್ನ ಮಾತನ್ನು ಅವರು ನಂಬುವುದಿಲ್ಲ. ಯಾವ ಮಾತು ಎಂದು ನಿನಗೆ ಗೊತ್ತು.

ನಿನ್ನ ಪಾಪುವಿಗೆ ನನ್ನ ಆಶೀರ್ವಾದ. ಅದಕ್ಕೆ ಒಳ್ಳೆಯ ಗೆಳತಿಯರು ಸಿಗಲಿ.

ಇಂತಿ ನಿನ್ನ
ಸ್ನೇಹಲತಾ

ವಿ.ಸೂ.: ಆ ಸಿಪಾಯಿಯ ಸ್ನಾನದ ಮಾತು ನಿಮ್ಮ ಮನೆಗೆ ಮುಟ್ಟಿ ಸಂಬಂಧ ಮುರಿದ ದಿನದಿಂದ ಯಶಸ್ವಿನಿ ನನ್ನ ಜೊತೆ ಮಾತು ಬಿಟ್ಟಳು. ಹೇಳಿದ್ದು ಇಬ್ಬರಿಗೇ. ಗಂಡಿನ ತಂಗಿ ಸ್ವಂತ ಅಣ್ಣನ ಮದುವೆಯನ್ನೇ ಕೆಡಿಸುತ್ತಾಳಾ, ಹೊಟ್ಟೆಕಿಚ್ಚಿಗೆ ಸ್ನೇಹಾನೇ ಹೇಳಿದ್ದಾಳೆ ಅಂದುಕೊಂಡಳು. ನಿನ್ನ ಜೊತೆ ಮಾತ್ರ ಕೊನೆಯವರೆಗೂ ಫೋನಿನಲ್ಲಿ ಮಾತಾಡುತ್ತಿದ್ದಳು, ನೀನು ಕೇಳಿಸಿಕೊಂಡು ಸುಮ್ಮನಿದ್ದೆ. ನಾನು ಹೇಳಲಿಲ್ಲ ಅನ್ನುವುದು ಈಗ ನಮ್ಮಿಬ್ಬರಿಗೆ, ನಿಮ್ಮ ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಮೊನ್ನೆ ಸುವರ್ಣಮ್ಮನವರ ಮನೆಗೆ ಹೋಗಿದ್ದೆ. ನಿಮ್ಮಣ್ಣ ಒಳಗೆ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಸುವರ್ಣಮ್ಮನವರು ನನ್ನನ್ನು ಹೊಸಿಲು ದಾಟಲು ಬಿಡಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ, ಕೈಯ ಹಸಿರು ಬಳೆ ನೋಡಿದರು. ಆಮೇಲೆ ಒಳಗೆ ತಿರುಗಿ ಹೇಳಿದರು: 'ಅಮರಣ್ಣ, ನನ್ ಮಗ್ಳ ಮ್ಯಾಲಿಂದ ಆ ಕೈ ತೆಗ್ಸಪ್ಪ.'

ಹೊಸ ಫ್ಲೆಕ್ಸ್ ನಾಳೆ ಬರುತ್ತದೆ.